ಕೊರಿಯಾದ ಬೀದಿ ಟೋಸ್ಟು: ಮೊಟ್ಟೆ ಮೇಲೆ ಸಕ್ಕರೆ ಹಾಕಲೇಬೇಕಾ?

ಬೆಣ್ಣೆಬಿಸ್ಕತ್ತು, ಮೈಸೂರು

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ತಲೆ ತಿಂತಿರೋ ವಿಷಯ, ಇಲ್ಲೇ ಕೇಳಿಬಿಡ್ತೀನಿ. ಸೋಲ್‌ನಲ್ಲಿ ಬೆಳಬೆಳಗ್ಗೆ ಬೀದಿಬದಿ ಮಾರ್ತಾರಲ್ಲ, ಎರಡು ಬ್ರೆಡ್ಡಿನ ಮಧ್ಯೆ ಎಲೆಕೋಸಿನ ಆಮ್ಲೆಟ್ಟು, ಮೇಲೆ ಕೆಚಪ್ಪು, ಪೇಪರ್ ಕಪ್ಪಿಗೆ ತುರುಕಿ ಕೊಡ್ತಾರೆ, ಆ ಟೋಸ್ಟು. ವಿಡಿಯೋ ನೋಡಿ ಎರಡು ಸಲ ಮಾಡಿದೆ. ಎರಡು ಸಲವೂ ನಮ್ಮ ರೈಲ್ವೆ ಸ್ಟೇಷನ್ ಬ್ರೆಡ್ ಆಮ್ಲೆಟ್ಟೇ ಆಗಿ ಕೂತಿತು. ಅದೂ ನೀರು ಬಿಟ್ಟ ಬ್ರೆಡ್ ಆಮ್ಲೆಟ್ಟು. ಕೋಸು ಹಸಿಹಸಿ, ಕೆಳಗಿನ ಬ್ರೆಡ್ಡು ಮುದ್ದೆ. ನಮ್ಮನೆಯವರು ಒಂದು ಮಾತೂ ಆಡದೆ ತಿಂದು ಕೈ ತೊಳೆದರು. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು.

ಒಂದು ತಪ್ಪೊಪ್ಪಿಗೆ: ಸಕ್ಕರೆ ಹಾಕಲಿಲ್ಲ. ವಿಡಿಯೋದಲ್ಲಿ ಒಂದು ಚಮಚ ಧಾರಾಳವಾಗಿ ಉದುರಿಸ್ತಾರೆ. ನನಗೆ ಮೊಟ್ಟೆ ಮೇಲೆ ಸಕ್ಕರೆ ಹಾಕೋಕೆ ಕೈಯೇ ಬರಲಿಲ್ಲ. ಅಲ್ಲಿ ಹೋಗಿ ತಿಂದವರು ಯಾರಾದ್ರೂ ಇದ್ದೀರಾ? ಸಕ್ಕರೆ ನಿಜವಾಗ್ಲೂ ಬೇಕಾ, ಇಲ್ಲ ಸುಮ್ಮನೆ ವಿಡಿಯೋದವರ ಚಂದಕ್ಕಾ?

ಸುವಾನ್ ಸೀನ

ಬೆಣ್ಣೆ ಮೇಡಂ, ಬೇಕು. ಅದಿಲ್ಲದೆ ಮಾಡಿದರೆ ನೀವು ಹೇಳಿದ್ದೇ ಆಗೋದು, ಬ್ರೆಡ್ ಆಮ್ಲೆಟ್ಟು.

ನಾನು ನಾಲ್ಕು ವರ್ಷದಿಂದ ಸುವಾನ್‌ನಲ್ಲಿದ್ದೀನಿ, ಸೋಲ್‌ನಿಂದ ದಕ್ಷಿಣಕ್ಕೆ. ನಾನು ಬಸ್ಸು ಹತ್ತೋ ಕಡೆ ಒಂದು ಗಾಡಿ ಇದೆ. ಮೂರು ಕಡೆ ಪ್ಲಾಸ್ಟಿಕ್ ಪರದೆ, ಒಳಗೆ ಮೂರಡಿ ಉದ್ದದ ಚಪ್ಪಟೆ ಕಬ್ಬಿಣದ ಕಾವಲಿ. ಚಳಿಗಾಲದಲ್ಲಿ ಆ ಪರದೆ ಒಳಗೆ ತಲೆ ತೂರಿಸಿದರೆ ಕನ್ನಡಕ ಮಂಜಾಗಿಬಿಡುತ್ತೆ, ಬೆಣ್ಣೆ ವಾಸನೆ ಹಿಡಿದೇ ಒಳಗೆ ಹೋಗಬೇಕು. ನಡೆಸೋರು ಅರವತ್ತು ದಾಟಿದ ಹೆಂಗಸು. ಎಲ್ಲರೂ ಅವರನ್ನ 'ಇಮೊ' ಅಂತಾರೆ. ತಾಯಿಯ ಅಕ್ಕತಂಗಿಯರನ್ನ ಕರೆಯೋ ಹೆಸರು ಅದು, ನಮ್ಮಲ್ಲಿ ಚಿಕ್ಕಮ್ಮ ದೊಡ್ಡಮ್ಮ ಅಂದ ಹಾಗೆ.

ಅವರು ಮಾಡೋದು ನೋಡಿ. ಮೊದಲು ಕಾವಲಿ ಒಂದು ಮೂಲೆಯಲ್ಲಿ ಮಾರ್ಗರಿನ್ ಸವರಿ ಎರಡು ಬ್ರೆಡ್ಡು ಇಡ್ತಾರೆ. ಇನ್ನೊಂದು ಕಡೆ ಸ್ಟೀಲ್ ಪಾತ್ರೆಯಿಂದ ಒಂದು ಸೌಟು ಹಿಟ್ಟು, ಹಿಟ್ಟು ಅಂದ್ರೆ ಹಿಟ್ಟಲ್ಲ, ಸಣ್ಣಗೆ ಹೆಚ್ಚಿದ ಎಲೆಕೋಸು, ಕ್ಯಾರೆಟ್ಟು, ಈರುಳ್ಳಿ ಸೊಪ್ಪು, ಅದು ಒಂದಕ್ಕೊಂದು ಅಂಟಿಕೊಳ್ಳೋವಷ್ಟು ಮಾತ್ರ ಮೊಟ್ಟೆ. ಇದು ಗಮನಿಸಿ: ಮೊಟ್ಟೆಗಿಂತ ಕೋಸೇ ಜಾಸ್ತಿ. ಅದನ್ನ ಎರಡು ಮಗುಚೋ ಕೈ ಹಿಡಿದು ನಾಲ್ಕೂ ಕಡೆಯಿಂದ ತಟ್ಟಿ ತಟ್ಟಿ ಬ್ರೆಡ್ಡಿನ ಅಳತೆಗೆ ಚೌಕ ಮಾಡ್ತಾರೆ. ಮಗುಚಿ, ಬ್ರೆಡ್ಡಿನ ಮೇಲೆ ಕೂರಿಸಿ, ಎಡಗೈಯಲ್ಲಿ ಒಂದು ಚಮಚ ಸಕ್ಕರೆ. ಅದರ ಮೇಲೆ ಕೆಚಪ್ಪು, ಬೇಕಂದವರಿಗೆ ಮಯೊನೀಸು. ಇನ್ನೊಂದು ಬ್ರೆಡ್ಡು ಮುಚ್ಚಿ, ಪೇಪರಲ್ಲಿ ಸುತ್ತಿ, ಕಪ್ಪಿಗೆ ಇಳಿಸಿ ಕೈಗೆ. ಎರಡು ನಿಮಿಷ ಆಗಿರಲ್ಲ. ಬಸ್ಸು ಬರೋದ್ರೊಳಗೆ ಅರ್ಧ ಮುಗಿದಿರುತ್ತೆ.

ಸಕ್ಕರೆ ಪೂರ್ತಿ ಕರಗಬಾರದು. ಕಚ್ಚಿದಾಗ ಹಲ್ಲಿಗೆ ಕಾಳು ಸಿಗಬೇಕು, ಪಕ್ಕದಲ್ಲೇ ಕೋಸಿನ ಕರುಮ್. ಆಮೇಲೆ ಕೆಚಪ್ಪಿನ ಹುಳಿ. ಅಷ್ಟೇ ಅದರ ಮಜಾ.

ಧಾರವಾಡ ಪೇಢಾ

ಏನ್ ಹೇಳಾಕತ್ತೀರಿ ಸೀನಣ್ಣಾ. ತತ್ತಿ ಮ್ಯಾಲ ಸಕ್ಕರಿ? ನಮ್ಮವ್ವ ಕೇಳಿದ್ರ ಮನಿ ಬಿಟ್ಟು ಹೊರಗ ಹಾಕ್ತಾಳ. ನನ್ನ ಹೆಸರಿನ್ಯಾಗ ಪೇಢಾ ಐತಿ ಖರೆ, ಆದ್ರ ತತ್ತಿಗೆ ಖಾರ ಬೇಕ್ರಿ, ಖಾರ.

ಪತ್ರೊಡೆ, ಉಡುಪಿ

ಪೇಢಾದವರೇ, ಸಾರಿಗೆ ಬೆಲ್ಲ ಹಾಕುವ ಊರಿನವಳು ನಾನು. ನಮ್ಮಲ್ಲಿ ಅನಾನಸಿನ ಮೆಣಸ್ಕಾಯಿ ಇಲ್ಲದೆ ಮದುವೆ ಊಟ ಆಗುವುದಿಲ್ಲ. ಸಿಹಿ, ಹುಳಿ, ಖಾರ ಮೂರೂ ಒಂದೇ ತುತ್ತಿನಲ್ಲಿ. ನಿಮ್ಮ ಕಡೆಯವರು ಉಡುಪಿ ಹೋಟೆಲಿಗೆ ಬಂದು "ಸಾಂಬಾರ್ ಸಿಹಿ ಆತ್ರಿ" ಅಂತ ಬೈಯುತ್ತಲೇ ಎರಡನೇ ಬಟ್ಟಲು ಕೇಳುವುದನ್ನು ನೋಡಿದ್ದೇನೆ. ಮೊಟ್ಟೆಗೆ ಸಕ್ಕರೆ ಅಂದರೆ ಅಷ್ಟೇ ಲೆಕ್ಕ. ಒಂದು ಚಿಟಿಕೆ ಹೆಚ್ಚು ಕಡಿಮೆ.

ಧಾರವಾಡ ಪೇಢಾ

ಎರಡನೇ ಬಟ್ಟಲದ ಮಾತು ಖರೆ ಐತಿ. ಮುಂದ ನಡೀರಿ.

ಹೆಂಚಿನ ಮೇಲೆ

ಸಕ್ಕರೆ ಜಗಳ ಆಮೇಲೆ ಇಟ್ಟುಕೊಳ್ಳೋಣ. ನೀರು ಬಿಟ್ಟಿದ್ದಕ್ಕೂ ಸಕ್ಕರೆಗೂ ಸಂಬಂಧ ಇಲ್ಲ. ಬೆಣ್ಣೆಯವರೇ, ಎರಡು ಪ್ರಶ್ನೆ. ಕೋಸು ಹೆಚ್ಚಿದ್ರೋ ತುರಿದ್ರೋ? ಉಪ್ಪು ಯಾವಾಗ ಹಾಕಿದ್ರಿ?

ಬೆಣ್ಣೆಬಿಸ್ಕತ್ತು, ಮೈಸೂರು

ತುರಿದೆ. ಉಪ್ಪು ಹಾಕಿ ಕಲಸಿ ಇಟ್ಟು, ಅಷ್ಟರಲ್ಲಿ ಪಾಪುಗೆ ಸ್ನಾನ ಮಾಡಿಸಿ ಬಂದೆ.

ಹೆಂಚಿನ ಮೇಲೆ

ಹಾಗಿದ್ರೆ ನೀವು ಮಾಡಿದ್ದು ಆಮ್ಲೆಟ್ಟಲ್ಲ, ಕೋಸಂಬರಿ.

ತುರಿದರೆ ಕೋಸು ಜಜ್ಜಿಹೋಗುತ್ತೆ, ರಸ ಬಿಡುತ್ತೆ. ಉಪ್ಪು ಬಿದ್ದರೆ ಉಳಿದ ನೀರೂ ಆಚೆ ಬರುತ್ತೆ. ಚೂರಿಯಲ್ಲಿ ಎಳೆ ಎಳೆಯಾಗಿ ಹೆಚ್ಚಿ, ಬೆಂಕಿಕಡ್ಡಿಗಿಂತ ತೆಳ್ಳಗೆ. ತೊಳೆದ ಕೋಸಾದರೆ ಬಟ್ಟೆಯಲ್ಲಿ ಒರೆಸಿ. ಒಬ್ಬರಿಗೆ ಎರಡು ಮೊಟ್ಟೆ, ಎರಡು ಮುಷ್ಟಿ ಕೋಸು, ಕಾಲು ಕ್ಯಾರೆಟ್ಟು, ಒಂದು ಎಸಳು ಈರುಳ್ಳಿ ಸೊಪ್ಪು. ಮೊಟ್ಟೆಯನ್ನ ನೊರೆ ಬರೋವರೆಗೆ ಕಡಿಯೋದು ಬೇಡ, ಹಳದಿ ಬಿಳಿ ಬೆರೆತರೆ ಸಾಕು. ಉಪ್ಪು ಹೆಂಚಿಗೆ ಹಾಕೋ ಮುಂಚೆ, ಅಷ್ಟೇ.

ದೋಸೆ ಹೆಂಚು ಇದ್ದರೆ ನಾನ್‌ಸ್ಟಿಕ್ಕು ಮುಟ್ಟಬೇಡಿ. ಇದು ಹುಟ್ಟಿದ್ದೇ ಕಬ್ಬಿಣದ ಕಾವಲಿ ಮೇಲೆ. ಉರಿ ಸಣ್ಣಕ್ಕಿಂತ ಸ್ವಲ್ಪ ಮೇಲೆ, ಒಂದೊಂದು ಮಗ್ಗುಲಿಗೆ ಮೂರು ನಿಮಿಷ. ಮುಚ್ಚಳ ಮುಚ್ಚಲೇಬಾರದು, ಹಬೆ ಕೂತು ಎಲ್ಲ ಮೆತ್ತಗಾಗುತ್ತೆ. ಕೋಸು ಪೂರ್ತಿ ಬೇಯೋದೂ ಬೇಡ, ಹಸಿ ವಾಸನೆ ಹೋಗಿ ಕರುಮ್ ಉಳಿಯಬೇಕು.

ಬ್ರೆಡ್ಡು ಎರಡೂ ಮಗ್ಗುಲು ಬೆಣ್ಣೆಯಲ್ಲಿ ಕಾಯಿಸಿ. ಒಳಮಗ್ಗುಲು ಗರಿಯಾಗಿದ್ದರೆ ಕೆಚಪ್ಪು ಬೇಗ ಇಳಿಯಲ್ಲ. ಕಾಯಿಸಿದ ಬ್ರೆಡ್ಡನ್ನ ತಟ್ಟೆ ಮೇಲೆ ಇಟ್ಟರೆ ಅಡಿಗೆ ಬೆವರುತ್ತೆ, ಒಂದಕ್ಕೊಂದು ಒರಗಿಸಿ ಗುಡಿಸಲ ಥರ ನಿಲ್ಲಿಸಿ. ಚೀಜ್ ಸ್ಲೈಸ್ ಹಾಕೋದಾದರೆ ಆಮ್ಲೆಟ್ಟಿನ ಕೆಳಗೆ.

ದೆಜೊನ್ ದಾಸ

ಒಂದು ತಿದ್ದುಪಡಿ ಯಾರೂ ಕೇಳದಿದ್ದರೂ ಹೇಳ್ತೀನಿ. ಕೆಲವು ಕಡೆ ಇದಕ್ಕೆ 'ಕೊರಿಯನ್ ಕ್ಯಾಬೇಜ್' ಹಾಕಿ ಅಂತ ಬರೆದಿರ್ತಾರೆ, ಜನ ಕಿಮ್ಚಿ (ಅವರ ಖಾರದ ಉಪ್ಪಿನಕಾಯಿ) ಮಾಡೋ ಉದ್ದ ಕೋಸು ಹುಡುಕಿಕೊಂಡು ಅಲೀತಾರೆ. ಬೇಡ. ಟೋಸ್ಟಿಗೆ ಹಾಕೋದು ನಮ್ಮ ಮಾಮೂಲಿ ದುಂಡು ಕೋಸೇ. ಅದಕ್ಕೆ ಇಲ್ಲಿ ಕೊರಿಯಾದಲ್ಲಿ 'ಯಾಂಗ್‌ಬೆಚು' ಅಂತಾರೆ. ಬೆಚು ಅಂದ್ರೆ ಕಿಮ್ಚಿ ಕೋಸು, ಯಾಂಗ್ ಅಂದ್ರೆ ಪಶ್ಚಿಮದ್ದು. ನಾವು ಸೀಮೆಬದನೆ ಅಂತ ಹೆಸರಿಟ್ಟ ಹಾಗೆ.

ಟೋಸ್ಟಿನ ಪೂರ್ತಿ ಹೆಸರು ಗಿಲ್‌ಗೊರಿ ಟೋಸ್ಟು. ಗಿಲ್‌ಗೊರಿ ಅಂದ್ರೆ ಬೀದಿ.

ಕಡಲೂರು ಕೊಂಕಣಿ

ಹೆಸರಿನ ಮಾತು ಬಂತಲ್ಲ. ಕೊರಿಯಾದವರು ಬ್ರೆಡ್ಡಿಗೆ 'ಪ್ಪಾಂಗ್' ಅಂತಾರೆ. ಪೋರ್ಚುಗೀಸರ ಪದ ಜಪಾನಿಗೆ ಹೋಗಿ 'ಪಾನ್' ಆಯಿತು, ಅಲ್ಲಿಂದ ಕೊರಿಯಾಕ್ಕೆ ಬಂದು ಪ್ಪಾಂಗ್ ಆಯಿತು. ಅದೇ ಪೋರ್ಚುಗೀಸರು ಗೋವಾಕ್ಕೆ ತಂದದ್ದು ನಮ್ಮ ಪಾವ್. ಅಂದರೆ ಪಾವ್ ಭಾಜಿಯ ಪಾವೂ ಅವರ ಪ್ಪಾಂಗೂ ದಾಯಾದಿಗಳು.

ಗೌರಿಬಿದನೂರು ಗಿರಿ

ಅದು ಬಿಡಿ, ಅವರೂ ಅಮ್ಮನಿಗೆ 'ಒಮ್ಮ', ಅಪ್ಪನಿಗೆ 'ಅಪ್ಪ'ನೇ ಅನ್ನೋದು! ಕೊರಿಯನ್ನು ನಮ್ಮ ದ್ರಾವಿಡ ಭಾಷೆ ಅಂತ ನಾನು ಯಾವತ್ತೋ ಹೇಳಿದ್ದೆ.

ಕಡಲೂರು ಕೊಂಕಣಿ

ಗಿರಿಯವರೇ, ಹಲ್ಲಿಲ್ಲದ ಮಗುವಿನ ಬಾಯಲ್ಲಿ ಮೊದಲು ಬರೋದೇ ಮ, ಪ. ಅದಕ್ಕೇ ಪ್ರಪಂಚದ ಎಷ್ಟೋ ಭಾಷೆಯಲ್ಲಿ ಅಮ್ಮ ಅಪ್ಪ ಹೀಗೇ ಇರ್ತಾರೆ. ಟೋಸ್ಟಿಗೆ ವಾಪಸ್ ಬರೋಣ.

ನಿವೃತ್ತ ಮೇಷ್ಟ್ರು

ಅನ್ನ ಉಣ್ಣುವ ದೇಶದಲ್ಲಿ ಬೆಳಗಿನ ತಿಂಡಿಗೆ ಬ್ರೆಡ್ಡು ಹೇಗೆ ಬಂತು ಎಂಬುದನ್ನು ಯಾರೂ ಕೇಳಲಿಲ್ಲ. ನಾನೇ ಕೇಳಿಕೊಂಡು ನಾನೇ ಹೇಳುತ್ತೇನೆ, ಮೂವತ್ತು ವರ್ಷದ ಚಾಳಿ.

1950ರಿಂದ 53ರವರೆಗೆ ನಡೆದ ಯುದ್ಧ ಕೊರಿಯಾವನ್ನು ಹಾಳುಗೆಡವಿತು. ಆಮೇಲೆ ಅಮೆರಿಕದ ನೆರವಿನ ಗೋಧಿ ಹಡಗುಗಟ್ಟಲೆ ಬಂತು. 1960, 70ರ ದಶಕಗಳಲ್ಲಿ ಅಕ್ಕಿ ಸಾಲದೆ ಅಲ್ಲಿನ ಸರ್ಕಾರ ಜನರಿಗೆ ಹಿಟ್ಟಿನ ಪದಾರ್ಥ ತಿನ್ನಿ, ಅಕ್ಕಿಗೆ ಬಾರ್ಲಿ ಬೆರೆಸಿ ಎಂದು ಚಳವಳಿಯನ್ನೇ ನಡೆಸಿತು. ಬುಧವಾರ, ಶನಿವಾರ ಮಧ್ಯಾಹ್ನ ಹೋಟೆಲುಗಳಲ್ಲಿ ಅನ್ನ ಮಾರುವಂತಿರಲಿಲ್ಲ. ಶಾಲೆಯಲ್ಲಿ ಮೇಷ್ಟರು ಮಕ್ಕಳ ಊಟದ ಡಬ್ಬಿ ತೆಗೆಸಿ, ಅನ್ನದಲ್ಲಿ ಬಾರ್ಲಿ ಬೆರೆಸಿದ್ದಾರೋ ಇಲ್ಲವೋ ನೋಡುತ್ತಿದ್ದರು. ಆ ಕಾಲದಲ್ಲಿ ಗೋಧಿಹಿಟ್ಟಿನ ಶ್ಯಾವಿಗೆ, ರಾಮ್ಯೊನ್ ಎಂಬ ದಿಢೀರ್ ನೂಡಲ್ಸು, ಬ್ರೆಡ್ಡು ಎಲ್ಲ ಜನರ ಬಾಯಿಗೆ ಹತ್ತಿದವು. 1997ರ ಆರ್ಥಿಕ ಬಿಕ್ಕಟ್ಟಿನಲ್ಲಿ ಕೆಲಸ ಹೋದ ಎಷ್ಟೋ ಜನ ಸಣ್ಣ ಬಂಡವಾಳದ ತಿಂಡಿ ವ್ಯಾಪಾರಕ್ಕೆ ಇಳಿದರು. ಒಂದು ಕಾವಲಿ, ಒಂದು ಗ್ಯಾಸ್ ಸಿಲಿಂಡರು, ಮೊಟ್ಟೆ, ಕೋಸು, ಬ್ರೆಡ್ಡು. ಇದಕ್ಕಿಂತ ಕಮ್ಮಿ ದುಡ್ಡಿನಲ್ಲಿ ಶುರು ಮಾಡುವ ವ್ಯಾಪಾರ ಯಾವುದಿದೆ?

ನಮಗೂ ಇದು ಹೊಸತಲ್ಲ. ಅದೇ ಅಮೆರಿಕದ ಪಿ.ಎಲ್. 480 ಎಂಬ ನೆರವಿನ ಕಾಯಿದೆಯ ಗೋಧಿ ನಮ್ಮ ದೇಶಕ್ಕೂ ಬಂದಿತ್ತು. ನನ್ನ ಓರಗೆಯವರು ಸರ್ಕಾರಿ ಶಾಲೆಯಲ್ಲಿ ತಿಂದ ಉಪ್ಪಿಟ್ಟು, ಕುಡಿದ ಹಾಲಿನ ಪುಡಿಯ ಹಾಲು ಆ ನೆರವಿನ ಕಾಲದ್ದೇ. ಆ ಉಪ್ಪಿಟ್ಟಿನ ವಾಸನೆ ಈಗಲೂ ಮೂಗಿನಲ್ಲಿದೆ. ಅವರು ಟೋಸ್ಟು ಮಾಡಿಕೊಂಡರು, ನಾವು ಉಪ್ಪಿಟ್ಟು ಮಾಡಿಕೊಂಡೆವು.

ಧಾರವಾಡ ಪೇಢಾ

ಮಾಸ್ತರ, ನಮ್ಮ ಅಪ್ಪಾರೂ ಆ ಉಪ್ಪಿಟ್ಟಿನ ಕಥಿ ಹೇಳತಿದ್ರು. ತಾಟು ಇಲ್ಲದ ದಿನ ಮುತ್ತಲ ಎಲಿ ಮ್ಯಾಲ ಹಾಕಿಸ್ಕೊಂಡು ತಿಂತಿದ್ರಂತ.

ಸೊಪ್ಪಿನ ಸುಮ

ಮೊಟ್ಟೆ ತಿನ್ನದವರು ಏನು ಮಾಡಬೇಕು? ಮಗಳು ಕೊರಿಯನ್ ಡ್ರಾಮಾ ನೋಡಿ ನೋಡಿ ದಿನಾ ಪೀಡಿಸ್ತಾಳೆ. ನಮ್ಮನೆಗೆ ಮೊಟ್ಟೆ ತರೋ ಹಾಗಿಲ್ಲ, ಅತ್ತೆ ಇದ್ದಾರೆ.

ಹೆಂಚಿನ ಮೇಲೆ

ಕಡಲೆಹಿಟ್ಟು ನಾಲ್ಕು ಚಮಚ, ಅಕ್ಕಿಹಿಟ್ಟು ಒಂದು ಚಮಚ, ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ. ಕೋಸು ಕ್ಯಾರೆಟ್ಟು ಅದೇ ಅಳತೆ. ಉಪ್ಪಿನ ಬದಲು ಒಂದು ಚಿಟಿಕೆ ಕಪ್ಪುಪ್ಪು ಹಾಕಿ, ಅದರ ವಾಸನೆ ಮೊಟ್ಟೆಗೆ ಹತ್ತಿರ. ಇಂಗು, ಓಮ ಬೇಡ, ಹಾಕಿದ್ರೋ ಪಕೋಡ ಆಗುತ್ತೆ. ಚೌಕ ಮಾಡೋದು, ಸಕ್ಕರೆ, ಕೆಚಪ್ಪು ಎಲ್ಲ ಹಾಗೇ.

ಗೌರಿಬಿದನೂರು ಗಿರಿ

ಅದು ಟೋಸ್ಟಲ್ಲ. ಕಡಲೆಹಿಟ್ಟಿನ ದೋಸೆನ ಬ್ರೆಡ್ಡೊಳಗೆ ಬಚ್ಚಿಟ್ಟಿದ್ದು.

ಸೊಪ್ಪಿನ ಸುಮ

ಬಚ್ಚಿಟ್ಟರೆ ಅತ್ತೆಗೂ ನಿಶ್ಚಿಂತೆ, ಮಗಳಿಗೂ ಖುಷಿ. ನಿಮಗೇನು ಕಷ್ಟ? ಥ್ಯಾಂಕ್ಸ್ ಹೆಂಚಿನವರೇ.

ಇನ್ನೊಂದು. ಅದೇ ಮಗಳು 'ಇಂಕಿಗಾಯೊ ಸ್ಯಾಂಡ್‌ವಿಚ್' ಅಂತಾಳೆ. ಅದೂ ಇದೇನಾ?

ದೆಜೊನ್ ದಾಸ

ಅಲ್ಲ ಮೇಡಂ. ಅದು ತಣ್ಣನೆಯದು. ಇಂಕಿಗಾಯೊ ಅನ್ನೋದು ಒಂದು ಟಿವಿ ಹಾಡಿನ ಕಾರ್ಯಕ್ರಮ, ಅದು ನಡೆಯೋ ಕಟ್ಟಡದ ಕ್ಯಾಂಟೀನಲ್ಲಿ ಗಾಯಕ ಹುಡುಗ ಹುಡುಗಿಯರು ತಿಂತಿದ್ದ ಸ್ಯಾಂಡ್‌ವಿಚ್ಚು. ಮೊಟ್ಟೆ ಸಲಾಡು, ಕೋಸಿನ ಸಲಾಡು, ಏಡಿ ರುಚಿಯ ಮೀನಿನ ಕಡ್ಡಿ, ಮಧ್ಯೆ ಒಂದು ಪದರ ಸ್ಟ್ರಾಬೆರಿ ಜಾಮು. ಹೌದು, ಮೀನಿನ ಪಕ್ಕ ಜಾಮು. ನಿಮ್ಮ ಅತ್ತೆಗೆ ಇದರ ವರ್ಣನೆ ಓದಿ ಹೇಳಬೇಡಿ.

ಹಾಗೇ 'ಗ್ಯೆರಾನ್ ಪ್ಪಾಂಗ್' ಬೇರೆ. ಅದು ಚಳಿಗಾಲದಲ್ಲಿ ಅಚ್ಚಿಗೆ ಹಿಟ್ಟು ಹೊಯ್ದು ಮೇಲೆ ಇಡೀ ಮೊಟ್ಟೆ ಒಡೆದು ಬೇಯಿಸೋ ಪುಟ್ಟ ಬನ್ನು, ನಮ್ಮ ಪಡ್ಡಿನ ಉದ್ದನೆಯ ಅಣ್ಣ.

ಪತ್ರೊಡೆ, ಉಡುಪಿ

ದಾಸರೇ, ಸುಮಾರು ಕಡೆ ಐಸಾಕ್ ಟೋಸ್ಟ್ ಎಂಬ ಹೆಸರು ಕೇಳುತ್ತೇನೆ. ಗಾಡಿಯದ್ದೇ ರುಚಿಯಾ ಅದು?

ದೆಜೊನ್ ದಾಸ

ಇಲ್ಲಿ ಅದನ್ನ 'ಇಸಾಕ್' ಅಂತಾರೆ. 1990ರ ದಶಕದಲ್ಲಿ ಒಂದು ಸಣ್ಣ ಅಂಗಡಿಯಾಗಿ ಶುರುವಾಗಿದ್ದು, ಈಗ ಊರೂರಲ್ಲಿ ಇದೆ. ಸೋಲ್‌ನ ಮ್ಯೊಂಗ್‌ದೊಂಗ್‌ನಲ್ಲಿ ಬೆಳಗ್ಗೆ ಪ್ರವಾಸಿಗರ ಸಾಲು ನಿಂತಿರುತ್ತೆ. ಅಲ್ಲಿ ಸಕ್ಕರೆ ಉದುರಿಸಲ್ಲ, ಬದಲು ಕಿವಿ ಹಣ್ಣಿನ ರುಚಿಯ ಒಂದು ಸಿಹಿ ಸಾಸು. ಚೆನ್ನಾಗಿರುತ್ತೆ, ಎಲ್ಲಿ ತಿಂದರೂ ಒಂದೇ ಥರ. ಆದರೆ ನನ್ನ ಓಟು ಗಾಡಿಗೆ. ಸಾಸಿನಲ್ಲಿ ಸಕ್ಕರೆ ಕಾಳಿನ ಕರುಮ್ ಇಲ್ಲ.

ಇನ್ನು 2017ರಿಂದ ಈಚೆಗೆ ದಪ್ಪ ಬ್ರಿಯೋಶ್ ಬ್ರೆಡ್ಡು ಸೀಳಿ, ಒಳಗೆ ಮೆತ್ತನೆಯ ಮೊಟ್ಟೆ ತುಂಬಿ, ಡಬ್ಬಿಯಲ್ಲಿ ನಿಲ್ಲಿಸಿ ಕೊಡೋ ಅಂಗಡಿಗಳು ಬಂದಿವೆ. ಫೋಟೋಗೆ ಚಂದ. ಕೋಸಿಲ್ಲ. ಕೋಸಿಲ್ಲದ್ದನ್ನ ನಾನು ಲೆಕ್ಕಕ್ಕೆ ತಗೊಳಲ್ಲ.

ಮೊಟ್ಟೆ ತಿಂದು ಮಾಂಸ ಬಿಟ್ಟವರು ಇಲ್ಲಿಗೆ ಬಂದರೆ "ಹೆಮ್ ಪ್ಪೆಗೊ ಜುಸೆಯೊ" ಅನ್ನಿ, ಹ್ಯಾಮ್ (ಹಂದಿಮಾಂಸ) ತೆಗೆದು ಕೊಡಿ ಅಂತ. ಆದರೆ ಅದೇ ಕಾವಲಿ ಮೇಲೆ ಹ್ಯಾಮೂ ಬೇಕನ್ನೂ ಬೆಂದಿರುತ್ತೆ. ಅದು ಆಗಲ್ಲ ಅನ್ನೋರು ರೂಮಲ್ಲೇ ಮಾಡಿಕೊಳ್ಳೋದು ಒಳ್ಳೇದು. ನಾನು ಮೊದಲ ಆರು ತಿಂಗಳು ಹಾಗೇ ಮಾಡಿದ್ದು.

ಸಿಹಿಮೂತ್ರ ಸಂಘದ ಅಧ್ಯಕ್ಷ

ನನ್ನ ಹೆಸರೇ ನನ್ನ ಕಷ್ಟ ಹೇಳುತ್ತೆ. ಮುಂದಿನ ತಿಂಗಳು ಸೋಲ್‌ಗೆ ಮಗನ ಮನೆಗೆ ಹೊರಟಿದ್ದೀನಿ. ಸಕ್ಕರೆ ಬೇಡ ಅನ್ನೋದಕ್ಕೆ ಏನನ್ನಬೇಕು?

ಸುವಾನ್ ಸೀನ

"ಸೊಲ್‌ತಾಂಗ್ ಪ್ಪೆಗೊ ಜುಸೆಯೊ." ಸಾರ್, ಆದರೆ ಮರೀಬೇಡಿ, ಕೆಚಪ್ಪಲ್ಲೂ ಸಕ್ಕರೆ ಇದೆ, ಅಲ್ಲಿನ ಬ್ರೆಡ್ಡೂ ಸಿಹಿ. ಅದು ಹಾಲು ಬೆಣ್ಣೆ ಹಾಕಿದ ಮೆತ್ತನೆ ಬ್ರೆಡ್ಡು. ಇಡೀದು ತಿನ್ನದೆ ಮಗನ ಜೊತೆ ಅರ್ಧ ಹಂಚಿಕೊಂಡು, ಸಕ್ಕರೆ ಸಮೇತ ಒಂದೇ ಒಂದು ಸಲ ತಿನ್ನಿ ಅಂತ ಹೇಳೋ ಆಸೆ. ಡಾಕ್ಟರನ್ನ ಕೇಳಿಕೊಂಡು.

ತಿನ್ನೋ ವಿಧಾನಕ್ಕೂ ಒಂದು ಮಾತು. ಕಪ್ಪಿಂದ ಪೂರ್ತಿ ಆಚೆ ತೆಗೀಬೇಡಿ. ಪೇಪರ್ ಸ್ವಲ್ಪ ಸ್ವಲ್ಪವೇ ಕೆಳಗೆ ಮಡಚಿಕೊಂಡು ಮೇಲಿಂದ ಕಚ್ಚಬೇಕು, ಸೋರಿದ ಕೆಚಪ್ಪು ಕಪ್ಪಿಗೆ ಬೀಳುತ್ತೆ. ನಾನು ಮೊದಲ ದಿನವೇ ಪೇಪರ್ ಬಿಚ್ಚಿ ತಿಂದು, ಬಿಳಿ ಶರ್ಟಲ್ಲಿ ಮೀಟಿಂಗಿಗೆ ಹೋದೆ. ಪಾರ್ಸೆಲ್ ಮಾತ್ರ ಬೇಡ. ಹತ್ತು ನಿಮಿಷ ಕಳೆದರೆ ಸಕ್ಕರೆ ಕರಗಿ, ಬ್ರೆಡ್ಡು ಬೆವೆತು, ಬೆಣ್ಣೆ ಮೇಡಂ ಮೊದಲ ಸಲ ಮಾಡಿದ ಹಾಗಾಗುತ್ತೆ.

ಪಕ್ಕದಲ್ಲಿ ಮಿಕ್ಸ್ ಕಾಫಿ. ಕಾಫಿಪುಡಿ, ಸಕ್ಕರೆ, ಹಾಲಿನ ಪುಡಿಯಂಥದ್ದು ಮೂರೂ ಒಂದೇ ಪೊಟ್ಟಣದಲ್ಲಿ, ಬಿಸಿನೀರು ಹೊಯ್ದರೆ ಆಯಿತು. 1976ರಲ್ಲಿ ಕೊರಿಯಾದವರೇ ಮಾರುಕಟ್ಟೆಗೆ ತಂದದ್ದು. ಚಿಕ್ಕಮಗಳೂರಿನವನಾಗಿ ಇದನ್ನ ಹೊಗಳಬಾರದು, ಆದರೆ ಈ ಟೋಸ್ಟಿಗೆ ಫಿಲ್ಟರ್ ಕಾಫಿ ಹೊಂದಲ್ಲ, ಇದೇ ಹೊಂದೋದು. ಮನೆಯಲ್ಲಿ ಹೇಳಬೇಡಿ.

ಬೆಣ್ಣೆಬಿಸ್ಕತ್ತು, ಮೈಸೂರು

ಇವತ್ತು ಭಾನುವಾರ, ಮೂರನೇ ಸಲ ಮಾಡಿದೆ.

ಬ್ರೆಡ್ಡು ಅಯ್ಯಂಗಾರ್ ಬೇಕರಿಯಿಂದ, ಕೊಯ್ಯದ ಇಡೀ ಬ್ರೆಡ್ಡು ಕೇಳಿ ತಂದು ಮನೆಯಲ್ಲೇ ಹೆಬ್ಬೆರಳ ದಪ್ಪಕ್ಕೆ ಕೊಯ್ದೆ. ಬೇಕರಿಯವರು "ಏನ್ ಮಾಡ್ತೀರಮ್ಮ ಇಷ್ಟು ದಪ್ಪ" ಅಂದ್ರು. ಹೇಳಿದೆ. "ನಮ್ಮ ಮಸಾಲೆ ಟೋಸ್ಟೂ ಅದೇ ಅಲ್ವಾ, ಕ್ಯಾರೆಟ್ಟು ಈರುಳ್ಳಿ ಪಲ್ಯ ಇಡ್ತೀವಲ್ಲ" ಅಂದ್ರು. ವಾದ ಮಾಡೋಕೆ ಮನಸ್ಸಾಗಲಿಲ್ಲ, ಒಂದು ಮಸಾಲೆ ಟೋಸ್ಟೂ ಕಟ್ಟಿಸಿಕೊಂಡೆ.

ಕೋಸು ಚೂರಿಯಲ್ಲೇ ಹೆಚ್ಚಿದೆ, ಕೈ ನೋವು ಬಂತು. ಅತ್ತೆಯ ಹಳೇ ದೋಸೆ ಹೆಂಚು, ಉಪ್ಪು ಕೊನೇಲಿ. ಚೌಕ ಮಾಡೋದು ಮಾತ್ರ ನನ್ನಿಂದಾಗಲಿಲ್ಲ, ಕರ್ನಾಟಕದ ನಕ್ಷೆ ಥರ ಆಯಿತು, ಬೀದರ್ ಆಚೆ ಚಾಚಿಕೊಂಡಿತ್ತು. ಅದನ್ನ ಒಳಗೆ ಮಡಚಿದೆ. ಒಂದು ತುಂಡು ಸಕ್ಕರೆ ಹಾಕಿ, ಒಂದು ಹಾಕದೆ. ಯಾವುದು ಯಾವುದು ಅಂತ ಹೇಳದೆ ಮನೆಯವರ ಮುಂದೆ ಇಟ್ಟೆ.

ಒಂದು ಖಾಲಿ ಮಾಡಿ ಇನ್ನೊಂದನ್ನ ನನ್ನ ಕಡೆ ತಳ್ಳಿದರು. ತಳ್ಳಿದ್ದು ಸಕ್ಕರೆ ಇಲ್ಲದ್ದು.

ಧಾರವಾಡ ಪೇಢಾ

ನಾನೂ ಮಾಡಿದೆ ನೋಡ್ರಿ. ಸಕ್ಕರಿ ಹಾಕಿದೆ, ಅದರ ಬಾಜೂಕ ಕೆಚಪ್ ಬದಲಿ ರಂಜಕ ಸವರಿದೆ. ಭಾಳ ಛಲೋ ಆಗಿತ್ತು. ಅವ್ವ ತಿನ್ನಲಿಲ್ಲ, ಆದ್ರ ಹೊರಗೂ ಹಾಕಲಿಲ್ಲ.

ಗೌರಿಬಿದನೂರು ಗಿರಿ

ರಂಜಕ ಹಾಕಿದ್ರೆ ಅದು ಕೊರಿಯಾ ಟೋಸ್ಟಾ?

ಧಾರವಾಡ ಪೇಢಾ

ಕೋಸು ಐತಲ್ರಿ ಒಳಗ.

ಸುವಾನ್ ಸೀನ

ಈ ಮಾತುಕತೆಯನ್ನ ಬೆಳಗ್ಗೆ ಇಮೊಗೆ ನನ್ನ ಅರೆಬರೆ ಕೊರಿಯನ್ನಿನಲ್ಲಿ ಹೇಳಿದೆ. ಖಾರದ ಚಟ್ನಿ ಹಾಕ್ತಾರೆ, ಮೊಟ್ಟೆ ಇಲ್ಲದೆ ಕಡಲೆಹಿಟ್ಟಲ್ಲಿ ಮಾಡ್ತಾರೆ, ಎಲ್ಲ. ಅವರು ತಲೆ ಎತ್ತದೆ ಕೋಸು ತಟ್ಟುತ್ತಾ ಇದ್ದವರು ಒಂದೇ ಪ್ರಶ್ನೆ ಕೇಳಿದರು: "ಸಕ್ಕರೆ ಹಾಕ್ತಾರೆ ತಾನೇ?" ಹಾಕ್ತಾರೆ ಅಂದೆ. ಸರಿ ಅಂತ ತಲೆಯಾಡಿಸಿ ಮುಂದಿನವರ ಬ್ರೆಡ್ಡು ಮಗುಚಿದರು.